ಕೌಲು ಮತ್ತು ನೂಲು

"ನಮ್ಮ ಊರಿಗೂ ಒಂದು ಕಾರ್ಖಾನೆ ಬರಲಿ" ಎಂಬ ಮಾತು ಕರ್ನಾಟಕದ ಯಾವ ತಾಲ್ಲೂಕಿಗೆ ಹೋದರೂ ಕೇಳಿಬರುತ್ತದೆ. ಚುನಾವಣೆಯ ಸಭೆಯಲ್ಲಿ ಅದು ಆಶ್ವಾಸನೆ; ಹೋಟೆಲಿನ ಬೆಂಚಿನ ಮೇಲೆ ನಿಟ್ಟುಸಿರು; ಪದವಿ ಮುಗಿಸಿ ಮನೆಯಲ್ಲಿ ಕುಳಿತ ಮಗನನ್ನು ಕಂಡ ತಾಯಿಗೆ ಅದೊಂದು ಹರಕೆ. ಈ ಬೇಡಿಕೆ ನಮ್ಮ ಕಾಲದ್ದೆಂದು ನಾವು ಭಾವಿಸಿದ್ದೇವೆ. ವಾಸ್ತವವಾಗಿ ವ್ಯಾಪಾರಿಗಳನ್ನೂ ಕಸುಬುದಾರರನ್ನೂ ಕರೆತಂದು ಊರು ಕಟ್ಟುವ ವಿದ್ಯೆ ನಮ್ಮ ನಾಡಿಗೆ ಬಹು ಹಳೆಯದು. ಹೊಸದಾಗಿ ಸಂತೆ ಕಟ್ಟಿಸಿದ ಪಟ್ಟಣಸ್ವಾಮಿಗೆ ಮಾನ್ಯ ಬಿಟ್ಟುಕೊಟ್ಟ ಸಂಗತಿಯನ್ನು ನಮ್ಮ ಶಾಸನಗಳು ಹೇಳುತ್ತವೆ. ಅನಂತರದ ಕಾಲದಲ್ಲಿ ಇದಕ್ಕೊಂದು ಹೆಸರೇ ಬಂದಿತು: ಕೌಲು. ಅರಬ್ಬಿಯಿಂದ ಬಂದ ಈ ಶಬ್ದಕ್ಕೆ 'ಮಾತು', 'ಕೊಟ್ಟ ಮಾತು' ಎಂದರ್ಥ. ಪೇಟೆಯನ್ನು ಕಟ್ಟಬಯಸಿದ ದೊರೆಯೋ ಪಾಳೆಯಗಾರನೋ ವರ್ತಕರಿಗೆ ಕೌಲು ಬರೆದುಕೊಡುತ್ತಿದ್ದ. ಬಂದು ನೆಲಸಿರಿ, ಇಂತಿಷ್ಟು ವರ್ಷ ಸುಂಕವಿಲ್ಲ, ಆಮೇಲೆ ಇಂತಿಷ್ಟು, ನಿಮ್ಮ ಸರಕಿಗೆ ಕಾವಲು ನಮ್ಮದು ಎಂಬುದು ಅದರ ಸಾರ. ಮಾತು ಉಳಿದ ಕಡೆ ಪೇಟೆ ಬೆಳೆಯಿತು. ಮಾತು ತಪ್ಪಿದ ಕಡೆ ವರ್ತಕ ಎತ್ತಿನ ಮೇಲೆ ಹೇರು ಹೇರಿ ಮುಂದಿನ ಊರಿಗೆ ಹೊರಟುಹೋದ.

ಕೊಳ್ಳೇಗಾಲ, ಹನೂರು, ಯಳಂದೂರು ಈ ಮೂರು ತಾಲ್ಲೂಕುಗಳ ಇತಿಹಾಸವನ್ನು ಈ ಒಂದು ಶಬ್ದದ ಬೆಳಕಿನಲ್ಲಿ ನೋಡುವುದು ನನ್ನ ಇಂದಿನ ಉದ್ದೇಶ. ಕನ್ನಡದ ಅಧ್ಯಾಪಕನಿಗೆ ಕಾರ್ಖಾನೆಗಳ ಗೊಡವೆ ಏಕೆ ಎಂದು ಕೆಲವರು ಕೇಳಬಹುದು. ಕೊಟ್ಟ ಮಾತು ಏನಾಯಿತೆಂದು ವಿಚಾರಿಸುವುದು ಭಾಷೆಯ ಅಧ್ಯಾಪಕನ ಕೆಲಸವೂ ಹೌದೆಂದು ನನ್ನ ನಂಬಿಕೆ.

ಮೊದಲು ನೆಲವನ್ನು ನೋಡೋಣ. ಉತ್ತರಕ್ಕೆ ಕಾವೇರಿ; ಪಶ್ಚಿಮದಲ್ಲಿ ಯಳಂದೂರನ್ನು ಬಳಸಿ ಬರುವ ಸುವರ್ಣಾವತಿ; ದಕ್ಷಿಣಕ್ಕೆ ಬಿಳಿಗಿರಿರಂಗನ ಬೆಟ್ಟ; ಪೂರ್ವಕ್ಕೆ ಹನೂರು ದಾಟಿದರೆ ಏಳುಮಲೆಯ ಸಾಲು, ಮಲೆ ಮಹದೇಶ್ವರನ ರಾಜ್ಯ. ನಕ್ಷೆಯನ್ನು ನೋಡಿದವರಿಗೆ ಇದೊಂದು ಮೂಲೆ ಎನಿಸೀತು. ಆದರೆ ಹಿಂದೆ ಇದು ಮೂಲೆಯಾಗಿರಲಿಲ್ಲ, ಬಾಗಿಲಾಗಿತ್ತು. ಶ್ರೀರಂಗಪಟ್ಟಣದ ಕಡೆಯಿಂದ ಘಟ್ಟದ ಕೆಳಗಣ ಸೀಮೆಗೆ ಇಳಿಯುವ ದಾರಿಗಳಲ್ಲೊಂದು ಕೊಳ್ಳೇಗಾಲ, ಹನೂರು, ಕೌದಳ್ಳಿಗಳನ್ನು ಹಾದು ಕಾವೇರಿಪುರದ ಘಾಟಿಯಲ್ಲಿ ಇಳಿಯುತ್ತಿತ್ತು. ಟಿಪ್ಪು ಸುಲ್ತಾನನ ಪತನವಾದ ಮರುವರ್ಷ, 1800ರಲ್ಲಿ, ಕುಂಪಣಿ ಸರ್ಕಾರದ ಅಪ್ಪಣೆಯ ಮೇರೆಗೆ ಈ ಸೀಮೆಗಳನ್ನು ಸುತ್ತಿ ಬೆಳೆ, ಕಸುಬು, ವ್ಯಾಪಾರಗಳ ವಿವರ ಬರೆದುಕೊಂಡ ಫ್ರಾನ್ಸಿಸ್ ಬುಕನನ್ ಈ ದಾರಿಯಲ್ಲೇ ಹೋದನು. ದಾರಿ ಇದ್ದಲ್ಲಿ ಸುಂಕದ ಕಟ್ಟೆ, ಕಟ್ಟೆ ಇದ್ದಲ್ಲಿ ತಂಗುದಾಣ, ತಂಗುದಾಣದ ಸುತ್ತ ಕಮ್ಮಾರ, ಗಾಣಿಗ, ನೇಕಾರ: ಊರು ಬೆಳೆಯುವ ಕ್ರಮ ಇದು.

ನಮ್ಮ ಜನಪದ ಕಾವ್ಯಗಳು ಈ ಲೋಕವನ್ನು ಮರೆತಿಲ್ಲ. ಮಂಟೇಸ್ವಾಮಿ ಕಾವ್ಯದಲ್ಲಿ ಸಿದ್ದಪ್ಪಾಜಿ ಕಬ್ಬಿಣದ ಭಿಕ್ಷೆ ಬೇಡಲು ಹಲಗೂರಿನ ಪಾಂಚಾಳರ ಬಳಿಗೆ ಹೋಗುತ್ತಾನೆ. ಕಬ್ಬಿಣವನ್ನು ರಾಶಿ ಹಾಕಿಕೊಂಡು 'ಇಲ್ಲ' ಎಂದವರ ಗರ್ವ ಮುರಿಯುವುದು ಆ ಸಾಲಿನ ಕಥೆ. ಭಕ್ತರು ಅದನ್ನು ಪವಾಡವೆಂದು ಕೇಳುತ್ತಾರೆ. ಕಾವೇರಿಯ ಆಚೆ ದಡದಲ್ಲೇ ಕುಲುಮೆಗಳ ಶ್ರೀಮಂತ ಊರೊಂದು ಇದ್ದ ನೆನಪನ್ನೂ ಅದು ಹೊತ್ತಿದೆಯೆಂದು ನಾನು ಕೇಳುತ್ತೇನೆ. ಚಿಕ್ಕಲ್ಲೂರಿನ ಜಾತ್ರೆ, ಮಹದೇಶ್ವರ ಬೆಟ್ಟದ ಜಾತ್ರೆಗಳು ದೈವದ ಕಾರ್ಯವಾದಂತೆಯೇ ಕಂಬಳಿ, ದನ, ಬೆಲ್ಲ, ಪಾತ್ರೆಗಳ ವಿನಿಮಯದ ಕಾಲವೂ ಆಗಿದ್ದವು.

1799ರಲ್ಲಿ ಈ ಬಾಗಿಲಿಗೆ ಅಗುಳಿ ಬಿತ್ತು. ನಾಲ್ಕನೆಯ ಮೈಸೂರು ಯುದ್ಧದ ಅನಂತರದ ಹಂಚಿಕೆಯಲ್ಲಿ ಕೊಳ್ಳೇಗಾಲ ಸೀಮೆ ಬ್ರಿಟಿಷರ ಪಾಲಾಗಿ ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿತು. ಹದಿನೈದು ಕಿಲೋಮೀಟರಿನಷ್ಟು ದೂರದ ಯಳಂದೂರು ಮೈಸೂರಿನಲ್ಲೇ ಉಳಿಯಿತು. 1807ರಲ್ಲಿ ಅದನ್ನು ದಿವಾನ್ ಪೂರ್ಣಯ್ಯನವರಿಗೆ ಜಾಗೀರಾಗಿ ಕೊಡಲಾಯಿತು. ಹೀಗೆ ಒಂದು ಹಗಲಿನ ಕಾಲುನಡಿಗೆಯೊಳಗೆ ಕುಂಪಣಿ, ಮಹಾರಾಜ, ಜಾಗೀರುದಾರ ಎಂಬ ಮೂರು ಮುದ್ರೆಗಳು. ಮಾತು ಕನ್ನಡವೇ, ಮದುವೆ ಮುಂಜಿಗಳು ಎಂದಿನಂತೆಯೇ, ಆದರೆ ಅರ್ಜಿ ಹೋಗುವ ದಿಕ್ಕು ಬೇರೆಯಾಯಿತು. ಕೊಳ್ಳೇಗಾಲದ ರೈತನ ಮೊಕದ್ದಮೆ ಬೆಟ್ಟ ಕಾಡುಗಳನ್ನು ದಾಟಿ ಕೊಯಮತ್ತೂರಿಗೆ ಹೋಗಬೇಕು. ಬಳಿಯ ಮೈಸೂರು ಅವನಿಗೆ ಪರರಾಜ್ಯ.

ಗಡಿಯ ಊರಿಗೆ ಆಗುವ ನಷ್ಟವೇನೆಂಬುದನ್ನು ಶಿವನಸಮುದ್ರಕ್ಕಿಂತ ಚೆನ್ನಾಗಿ ತೋರಿಸುವ ಸ್ಥಳ ಇನ್ನೊಂದಿಲ್ಲ. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ರಾಮಸ್ವಾಮಿ ಮೊದಲಿಯಾರರೆಂಬವರು ಅಲ್ಲಿಯ ಹಳೆಯ ಕಲ್ಲಿನ ಸೇತುವೆಗಳನ್ನು ಮತ್ತೆ ಕಟ್ಟಿಸಿ, ಅದರ ಮನ್ನಣೆಯಾಗಿ ಜಾಗೀರು ಪಡೆದರು. ಜನ ಬರಲಿ, ಊರು ಬೆಳೆಯಲಿ ಎಂಬ ಹಳೆಯ ಬಗೆಯ ಸಾಹಸ ಅದು. ಆ ಸೇತುವೆಗಳಲ್ಲಿ ವೆಸ್ಲಿ ಸೇತುವೆಯೆಂದು ಜನ ಕರೆಯುವುದರ ಒಂದು ಭಾಗ 2018ರ ಪ್ರವಾಹದಲ್ಲಿ ಕೊಚ್ಚಿಹೋಯಿತು. ಅನಂತರ 1902ರಲ್ಲಿ ಅದೇ ಜಲಪಾತದಿಂದ ಮೈಸೂರು ಸರ್ಕಾರ ವಿದ್ಯುಚ್ಛಕ್ತಿ ತೆಗೆಯಿತು. ತಂತಿ 92 ಮೈಲಿ ಓಡಿ ಕೋಲಾರದ ಚಿನ್ನದ ಗಣಿಗೆ ಶಕ್ತಿ ಮುಟ್ಟಿಸಿತು. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. 1908ರಲ್ಲಿ ಮೈಸೂರು ಬೆಳಗಿತು. ಹೊಳೆಯ ಎಡದಡದಲ್ಲಿ ವಿದ್ಯುದಾಗಾರ, ಬಲದಡದಲ್ಲಿ ಇನ್ನೊಂದು ಸರ್ಕಾರದ ತಾಲ್ಲೂಕು. ಧುಮುಕುವ ನೀರಿನ ಸದ್ದು ಎರಡೂ ದಡಗಳಿಗೆ ಕೇಳುತ್ತಿತ್ತು. ಬಂಡವಾಳ ಒಂದೇ ದಡದಿಂದ ನಡೆದುಹೋಯಿತು. ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ, 1912ರಿಂದ 1918ರವರೆಗೆ, ಮೈಸೂರು ಸಂಸ್ಥಾನದಲ್ಲಿ ಬ್ಯಾಂಕು, ವಾಣಿಜ್ಯ ಮಂಡಲಿ, ಗಂಧದೆಣ್ಣೆಯ ಕಾರ್ಖಾನೆಗಳು ಹುಟ್ಟಿದವು. ಅವೂ ಕೊಳ್ಳೇಗಾಲದ ಎಲ್ಲೆಯ ಆಚೆಯೇ ನಿಂತವು.

ಇಷ್ಟಾದರೂ ಕೊಳ್ಳೇಗಾಲ ಸಾಯಲಿಲ್ಲ. ಅದನ್ನು ಉಳಿಸಿದ್ದು ರೇಷ್ಮೆ.

ಟಿಪ್ಪು ಸುಲ್ತಾನ್ ಬಂಗಾಳದಿಂದ ರೇಷ್ಮೆಹುಳು ತರಿಸಿ ತನ್ನ ರಾಜ್ಯದಲ್ಲಿ ಸಾಕಿಸಿದ ಕಥೆ ಎಲ್ಲರಿಗೂ ಗೊತ್ತು. ರಾಜ್ಯ ಹೋಯಿತು, ಹುಳು ಉಳಿಯಿತು. ಕೊಳ್ಳೇಗಾಲದ ಕೆಂಪು ನೆಲ ಹಿಪ್ಪುನೇರಳೆಗೆ ಒಗ್ಗಿತು. ಮದರಾಸು ಪ್ರಾಂತದ ಹಿಪ್ಪುನೇರಳೆಯ ಬಹುಭಾಗ ಈ ಒಂದು ತಾಲ್ಲೂಕಿನಲ್ಲೇ ಇತ್ತೆಂದರೆ ಇದರ ಸ್ಥಾನವೇನೆಂದು ತಿಳಿದೀತು. ಪಟ್ಟಣದ ದೇವಾಂಗ ನೇಕಾರರ ಮಗ್ಗಗಳಲ್ಲಿ ಜರಿಯಂಚಿನ ಸೀರೆ, ವಸ್ತ್ರ, ಕರವಸ್ತ್ರಗಳು ತಯಾರಾಗುತ್ತಿದ್ದವು. ಇಪ್ಪತ್ತನೆಯ ಶತಮಾನದ ಆದಿಯ ಗೆಜೆಟಿಯರು ಕೊಳ್ಳೇಗಾಲವನ್ನು ಹೆಸರಿಸುವುದೇ ಈ ಜರಿಯ ವಸ್ತ್ರಗಳಿಗಾಗಿ.

ಈ ಉದ್ಯಮ ಏಕೆ ಬೇರು ಬಿಟ್ಟಿತು? ಕೆಲಸದ ಸ್ವರೂಪದಲ್ಲೇ ಉತ್ತರವಿದೆ. ಮೊಟ್ಟೆಯೊಡೆದ ಹುಳು ನಾಲ್ಕು ಸಲ ಜ್ವರಕ್ಕೆ ಕೂತು, ಅಂದರೆ ಪೊರೆ ಕಳಚಿ, ಇಪ್ಪತ್ತೈದು ಇಪ್ಪತ್ತೆಂಟು ದಿನಗಳಲ್ಲಿ ಹಣ್ಣಾಗುತ್ತದೆ. ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಟ್ಟರೆ ಗೂಡು ಕಟ್ಟುತ್ತದೆ. ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ ಎಳೆ ಹಿಡಿದು ಚರಕಕ್ಕೆ ಸುತ್ತಬೇಕು. ಆ ನೂಲನ್ನು ಹುರಿ ಮಾಡಿ, ಬಣ್ಣ ಹಾಕಿ ಮಗ್ಗಕ್ಕೆ ಏರಿಸಬೇಕು. ಎಲೆ ಕೊಯ್ಯುವವನಿಂದ ಸೆರಗು ನೇಯುವವನವರೆಗೆ ಎಂಟು ಹತ್ತು ಕೈಗಳು. ಒಂದು ತಿಂಗಳಿಗೆ ಒಂದು ಬೆಳೆ ಕೈಗೆ ಬರುವುದರಿಂದ ಸಣ್ಣ ರೈತನಿಗೂ ತಿಂಗಳಿಗೊಮ್ಮೆ ರೊಕ್ಕ ಕಾಣುವ ಅವಕಾಶ. ಇಲ್ಲಿ ಯಾರೂ ಬಂದು ಕಾರ್ಖಾನೆ ತೆರೆಯಲಿಲ್ಲ, ಊರೇ ಕಾರ್ಖಾನೆಯಾಯಿತು. ಹೊರಗಿನಿಂದ ಬಂದ ಒಡೆಯ ನಷ್ಟವಾದರೆ ಬೀಗ ಹಾಕಿಕೊಂಡು ಹೋಗಬಲ್ಲ. ಊರು ತನಗೆ ತಾನೇ ಬೀಗ ಹಾಕಿಕೊಳ್ಳುವುದು ಅಷ್ಟು ಸುಲಭವಲ್ಲ.

ಹಾಗೆಂದು ಇದನ್ನು ಸುವರ್ಣಯುಗವೆಂದು ಹಾಡಲು ನಾನು ಸಿದ್ಧನಿಲ್ಲ. ಕುದಿಯುವ ನೀರಿನಲ್ಲಿ ಬೆರಳಾಡಿಸಿ ಎಳೆ ಹುಡುಕಿದವರ ಕೈಗಳನ್ನು ನೋಡಿದವರು ಹಾಡಲಾರರು. ಸತ್ತ ಹುಳುವಿನ ನಾತ, ಹೊಗೆ, ಮುಂಗಡ ಹಣಕ್ಕೆ ಕಟ್ಟುಬಿದ್ದ ದುಡಿಮೆ, ಶಾಲೆಗೆ ಹೋಗಬೇಕಾದ ಮಕ್ಕಳು ಹುರಿ ಯಂತ್ರದ ಮುಂದೆ ನಿಂತದ್ದು ಇವೆಲ್ಲವೂ ನಾಡಿನ ರೇಷ್ಮೆಯ ಚರಿತ್ರೆಯ ಪುಟಗಳೇ. ಸೀರೆಯ ಹೊಳಪನ್ನು ವರ್ಣಿಸುವಾಗ ಈ ಪುಟವನ್ನು ಮಡಿಚಿಡುವುದು ಸಾಹಿತಿಗೂ ಶೋಭಿಸದು, ಇತಿಹಾಸಕಾರನಿಗೂ ಶೋಭಿಸದು.

ಇಪ್ಪತ್ತನೆಯ ಶತಮಾನದಲ್ಲಿ ಈ ಮನೆಗೆಲಸ ಜಗತ್ತಿನ ಸಂತೆಯ ಮಧ್ಯೆ ಬಂದು ನಿಂತಿತು. 1929ರ ಆರ್ಥಿಕ ಕುಸಿತದ ತರುವಾಯ ಜಪಾನು, ಚೀನಗಳ ಅಗ್ಗದ ರೇಷ್ಮೆ ಭಾರತಕ್ಕೆ ನುಗ್ಗಿತು. ತೆರಿಗೆ ಮಂಡಲಿಯ ವಿಚಾರಣೆ ನಡೆದು 1934ರಲ್ಲಿ ರಕ್ಷಣಾ ಸುಂಕ ಬಂದಿತು. ಎರಡನೆಯ ಮಹಾಯುದ್ಧದಲ್ಲಿ ಜಪಾನಿನ ಸರಕು ನಿಂತು, ಪ್ಯಾರಾಚೂಟಿಗೆ ರೇಷ್ಮೆ ಬೇಕಾಗಿ, ಬೆಲೆ ಏರಿತು. ಯುದ್ಧ ಮುಗಿದೊಡನೆ ಇಳಿಯಿತು. 1948ರಲ್ಲಿ ಕೇಂದ್ರ ರೇಷ್ಮೆ ಮಂಡಲಿಯ ಕಾಯಿದೆ ಬಂದಿತು. ಕೊಳ್ಳೇಗಾಲದ ರೀಲರ್ ಕುಳಿತಲ್ಲೇ ಕುಳಿತಿದ್ದ. ಅವನ ಅದೃಷ್ಟ ದೆಹಲಿ, ಯೊಕೊಹಾಮಾ, ಶಾಂಘಾಯಿಗಳಲ್ಲಿ ಬರೆಯಲ್ಪಡುತ್ತಿತ್ತು.

1956ರ ನವೆಂಬರ್ 1ರಂದು ಕೊಳ್ಳೇಗಾಲ ವಿಶಾಲ ಮೈಸೂರು ರಾಜ್ಯಕ್ಕೆ ಸೇರಿದ್ದು ಈ ಸೀಮೆಯ ದೊಡ್ಡ ಘಟನೆ. ರಾಜ್ಯ ಪುನರ್ವಿಂಗಡಣಾ ಆಯೋಗವೇ 1955ರ ತನ್ನ ವರದಿಯಲ್ಲಿ ಇದನ್ನು ಶಿಫಾರಸು ಮಾಡಿತ್ತು. ನೂರಐವತ್ತೇಳು ವರ್ಷಗಳ ಅಗುಳಿ ತೆಗೆಯಿತು. ಕೊಳ್ಳೇಗಾಲ, ಯಳಂದೂರಿನ ಮಾಂಬಳ್ಳಿ, ಸಂತೇಮರಹಳ್ಳಿ, ಚಾಮರಾಜನಗರಗಳಲ್ಲಿ ಸರ್ಕಾರದ ರೇಷ್ಮೆ ನೂಲು ಕಾರ್ಖಾನೆಗಳು ಕೆಲಸ ಮಾಡಿದವು. 1980ರಲ್ಲಿ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮ ಸ್ಥಾಪಿತವಾಯಿತು. ಅದೇ ಸುಮಾರಿಗೆ ವಿಶ್ವಬ್ಯಾಂಕಿನ ನೆರವಿನ ರೇಷ್ಮೆ ಯೋಜನೆ ಆರಂಭವಾಯಿತು. ಈ ಕಾರ್ಖಾನೆಗಳ ಸಂಬಳದಿಂದ ಮಕ್ಕಳನ್ನು ಓದಿಸಿದ ಕುಟುಂಬಗಳು ಈ ಭಾಗದಲ್ಲಿ ಅನೇಕ. ಇದೂ ಒಂದು ಕೌಲೇ. ಆದರೆ ವರ್ಷ ಕಳೆದಂತೆ ಯಂತ್ರ ಹಳತಾಯಿತು, ಗೂಡಿನ ಬೆಲೆಗೂ ನೂಲಿನ ಬೆಲೆಗೂ ಹೊಂದಾಣಿಕೆ ತಪ್ಪಿತು. ಕೆಲವು ಕಾರ್ಖಾನೆಗಳು ವರ್ಷಗಟ್ಟಲೆ ಬಾಗಿಲು ಮುಚ್ಚಿದವು. 2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ನೂರಕ್ಕೆ 30ರಿಂದ 5ಕ್ಕೆ ಇಳಿದಾಗ ಗೂಡಿನ ಮಾರುಕಟ್ಟೆಗಳಲ್ಲಿ ಬೆಲೆ ಕುಸಿಯಿತು. ಎರಡು ವರ್ಷಗಳ ಮೇಲೆ ಸುಂಕವನ್ನು 15ಕ್ಕೆ ಏರಿಸಿದರೇನೋ ಸರಿ. ಅಷ್ಟರಲ್ಲಿ ಹಿಪ್ಪುನೇರಳೆ ಕಿತ್ತು ಬೇರೆ ಬೆಳೆ ಹಾಕಿದವನ ಹೊಲಕ್ಕೆ ಗಿಡ ತಾನಾಗಿ ಮರಳಲಿಲ್ಲ. ಹಳೆಯ ಕೌಲಿನಲ್ಲಿ 'ಇಂತಿಷ್ಟು ವರ್ಷ' ಎಂಬ ಅವಧಿ ಇರುತ್ತಿತ್ತು. ಎರಡು ವರ್ಷಕ್ಕೊಮ್ಮೆ ಬದಲಾಗುವ ಮಾತಿನ ಮೇಲೆ ಬೇರು ಬಿಡುವ ಬೆಳೆಯನ್ನು ಯಾರು ನೆಟ್ಟಾರು?

ಇನ್ನೊಂದು ನಷ್ಟ ಲೆಕ್ಕದ ಪುಸ್ತಕದಲ್ಲಿ ಕಾಣುವುದಿಲ್ಲ. ಅದು ಹೆಸರಿನ ನಷ್ಟ. ಇಳಕಲ್ಲಿನ ಸೀರೆಯೆಂದರೆ ಕಣ್ಣಿಗೆ ಕಟ್ಟುವ ಒಂದು ಸೆರಗಿದೆ. ಮೊಳಕಾಲ್ಮೂರಿನ ಸೀರೆಗೆ ತನ್ನದೇ ಅಂಚಿದೆ. ನೂಲು ಹೋಗಿ ಸೇರಿದ ಕಾಂಚೀಪುರಕ್ಕೆ, ನೇಯ್ಗೆಯ ಕಾರ್ಖಾನೆಯಿದ್ದ ಮೈಸೂರಿಗೆ ಲೋಕಪ್ರಸಿದ್ಧಿ ಬಂದಿತು. ಗೂಡು ಬೆಳೆದ, ನೂಲು ತೆಗೆದ ಊರಿಗೆ ಅಷ್ಟು ಬರಲಿಲ್ಲ. ಇಲ್ಲಿ ನನಗೆ ಸಂಚಿಯ ಹೊನ್ನಮ್ಮನ ನೆನಪಾಗುತ್ತದೆ. ಯಳಂದೂರಿನಲ್ಲಿ ಹುಟ್ಟಿದ ಆಕೆ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ತಾಂಬೂಲದ ಸಂಚಿ ಹಿಡಿದು, ಅಲ್ಲಿಯೇ 'ಹದಿಬದೆಯ ಧರ್ಮ'ವನ್ನು ಬರೆದಳು. ಪ್ರತಿಭೆ ಸಣ್ಣ ಊರಿನಿಂದ ರಾಜಧಾನಿಗೆ ಹೋಗಿಯೇ ಬೆಳಗಿತು, ನಿಜ. ಆದರೆ ಇಂದಿಗೂ ಸಾಹಿತ್ಯಚರಿತ್ರೆಯಲ್ಲಿ ಆಕೆ ಯಳಂದೂರಿನ ಹೊನ್ನಮ್ಮ. ಊರಿನ ಹೆಸರು ಆಕೆಯ ಜೊತೆಗೆ ಹೋಯಿತು. ಕೊಳ್ಳೇಗಾಲದ ನೂಲಿಗೆ ಆ ಭಾಗ್ಯವಿಲ್ಲ. ಅದು ಊರು ಬಿಟ್ಟ ಕೂಡಲೆ ಅನಾಮಧೇಯವಾಗುತ್ತದೆ.

ಹೆಸರಿಲ್ಲದ ಜಾಗದಲ್ಲಿ ಕೆಟ್ಟ ಹೆಸರು ಬಂದು ಕೂತಿತು. ಕೊಳ್ಳೇಗಾಲವೆಂದೊಡನೆ ನಾಡಿನ ಬಹುಮಂದಿಗೆ ನೆನಪಾಗುವುದು ಮಾಟಮಂತ್ರ. ನಾಟಕ, ಚಲನಚಿತ್ರ, ಹಾಸ್ಯ ಲೇಖನಗಳ ನಮ್ಮ ಬರಹಗಾರರು ಈ ಖ್ಯಾತಿಗೆ ಧಾರಾಳವಾಗಿ ಎಣ್ಣೆ ಹೊಯ್ದಿದ್ದಾರೆ. ಅದರ ಮೇಲೆ ವೀರಪ್ಪನ್ನನ ಕಾಲ: 1993ರ ಪಾಲಾರ್ ಸ್ಫೋಟ, 2002ರಲ್ಲಿ ಕಾಮಗೆರೆಯಿಂದ ಮಾಜಿ ಸಚಿವ ಎಚ್. ನಾಗಪ್ಪನವರ ಅಪಹರಣ ಮತ್ತು ಅವರ ದುರಂತ ಸಾವು, 2004ರಲ್ಲಿ ಆತನ ಅಂತ್ಯ. ಆ ವರ್ಷಗಳಲ್ಲಿ ಹನೂರಿನ ಆಚೆ ಹಣ ಹೂಡಲು ಯಾರಿಗೆ ಧೈರ್ಯ ಬಂದೀತು? ಮತ್ತೊಂದು ಕಡೆ, 1997ರಲ್ಲಿ ಜಿಲ್ಲಾ ಕೇಂದ್ರವಾದ ಚಾಮರಾಜನಗರಕ್ಕೆ ಬಂದ ಮುಖ್ಯಮಂತ್ರಿ ಅಧಿಕಾರ ಕಳೆದುಕೊಳ್ಳುತ್ತಾನೆಂಬ ನಂಬಿಕೆ. ಅನೇಕರು ಅದಕ್ಕೆ ಅಂಜಿದರು. 2013ರಲ್ಲಿ ಸಿದ್ದರಾಮಯ್ಯನವರು ಅಂಜದೆ ಬಂದುಹೋದದ್ದು ಸುದ್ದಿಯಾಯಿತು. 2025ರ ಏಪ್ರಿಲ್‌ನಲ್ಲಿ ಮಹದೇಶ್ವರ ಬೆಟ್ಟದಲ್ಲಿ ಸಚಿವ ಸಂಪುಟದ ಸಭೆಯೇ ನಡೆಯಿತು. ರಾಜ್ಯದ ಮುಖ್ಯಸ್ಥನೇ ಕಾಲಿಡಲು ಹೆದರುವ ಜಿಲ್ಲೆಗೆ ವರ್ತಕ ಬರಲಿ ಎನ್ನುವುದು ಹೇಗೆ ನ್ಯಾಯ? ಹಳೆಯ ಕೌಲಿನ ಭಾಷೆಯಲ್ಲಿ ಹೇಳುವುದಾದರೆ, ಕಾವಲು ಕೊಡಬೇಕಾದವನೇ ಊರ ಬಾಗಿಲಲ್ಲಿ ನಿಂತು ನಡುಗಿದಂತಾಯಿತು.

ರೈಲಿಲ್ಲದಿರುವುದೇ ಎಲ್ಲಕ್ಕೂ ಕಾರಣವೆಂದು ಹೇಳುವವರಿದ್ದಾರೆ. ಆ ವಾದದಲ್ಲಿ ಹುರುಳಿದೆ. ನಂಜನಗೂಡಿಗೆ 1891ರಲ್ಲೇ ರೈಲು ಬಂದಿತು, ಚಾಮರಾಜನಗರಕ್ಕೆ 1926ರಲ್ಲಿ. ನಂಜನಗೂಡು ಇಂದು ದೊಡ್ಡ ದೊಡ್ಡ ಕಾರ್ಖಾನೆಗಳ ಊರು. ಕನಕಪುರ, ಮಳವಳ್ಳಿ, ಕೊಳ್ಳೇಗಾಲಗಳ ಮೇಲೆ ಚಾಮರಾಜನಗರಕ್ಕೆ ಹೋಗಬೇಕಾದ ರೈಲು ದಶಕಗಳಿಂದ ಕಾಗದದ ಮೇಲೆಯೇ ಓಡುತ್ತಿದೆ. ಆದರೂ ಹಳಿ ಬಿದ್ದೊಡನೆ ಸಂಪತ್ತು ಬರುತ್ತದೆಂಬುದು ಪೂರ್ಣ ಸತ್ಯವಲ್ಲ. ಚಾಮರಾಜನಗರಕ್ಕೆ ನೂರು ವರ್ಷಗಳಿಂದ ರೈಲಿದೆ, ಅದು ನಂಜನಗೂಡಾಗಲಿಲ್ಲ. ಒಂದು ದಾರಿ ಸರಕನ್ನು ಒಳಗೆ ತರುವಂತೆಯೇ ಜನರನ್ನು ಹೊರಗೆ ಒಯ್ಯುತ್ತದೆ. ಬೆಂಗಳೂರಿನ ಕಟ್ಟಡಗಳಲ್ಲಿ, ಕಾವಲುಗಾರನ ಕೆಲಸದಲ್ಲಿ, ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ದುಡಿಯುವ ಈ ಸೀಮೆಯ ಯುವಕ ಯುವತಿಯರು ರೈಲಿಗಾಗಿ ಕಾಯಲಿಲ್ಲ. ಬಸ್ಸು ಹತ್ತಿ ಹೋದರು.

ಹನೂರಿನದು ಇನ್ನೂ ಬೇರೆ ಸಮಸ್ಯೆ. ಅದು ಪ್ರತ್ಯೇಕ ತಾಲ್ಲೂಕಾದದ್ದು ಈಚೆಗೆ. ಅದರ ಬಹುಭಾಗ ಕಾಡು. ಸುತ್ತ ಕಾವೇರಿ ವನ್ಯಧಾಮ, 2013ರಲ್ಲಿ ಘೋಷಿತವಾದ ಮಲೆ ಮಹದೇಶ್ವರ ವನ್ಯಧಾಮ; ಪಕ್ಕದಲ್ಲಿ 2011ರಿಂದ ಹುಲಿ ಸಂರಕ್ಷಿತ ಪ್ರದೇಶವಾದ ಬಿಳಿಗಿರಿರಂಗನ ಬೆಟ್ಟ. ಇಲ್ಲಿ ಹೊಗೆಗೂಡಿನ ಕಾರ್ಖಾನೆ ಬರಬಾರದು. ಬರಲಿ ಎಂದು ನಾನು ಕೇಳುವುದೂ ಇಲ್ಲ. ಆದರೆ ಕಾಡಿನಿಂದಲೂ ಬಾಳುವ ದಾರಿಯುಂಟೆಂಬುದಕ್ಕೆ ಸೋಲಿಗರು ಸಾಕ್ಷಿ. 1981ರಲ್ಲಿ ಡಾಕ್ಟರ್ ಸುದರ್ಶನರು ಬಿಳಿಗಿರಿರಂಗನ ಬೆಟ್ಟದಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಆರಂಭಿಸಿದರು. 2011ರಲ್ಲಿ ಅಲ್ಲಿಯ ಸೋಲಿಗರ ಪೋಡುಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರ ದೊರೆಯಿತು. ಜೇನು, ನೆಲ್ಲಿಕಾಯಿ ಸಂಗ್ರಹಿಸುವ ಹಕ್ಕು ಕೈಯಲ್ಲಿದ್ದವನಿಗೆ ಸಂತೆಯಲ್ಲಿ ಬೆಲೆ ಕೇಳುವ ದನಿ ಬರುತ್ತದೆ. ಒಡೆಯರಪಾಳ್ಯದಲ್ಲಿ 1970ರ ದಶಕದಲ್ಲಿ ನೆಲೆಯಾದ ಟಿಬೆಟನ್ ನಿರಾಶ್ರಿತರನ್ನೂ ಇಲ್ಲಿ ನೆನೆಯಬಹುದು. ದೇಶ ಕಳೆದುಕೊಂಡು ಬಂದವರು ಇಲ್ಲಿ ಜೋಳ ಬೆಳೆದು, ಶಾಲೆ, ವಿಹಾರಗಳನ್ನು ಕಟ್ಟಿಕೊಂಡರು. ನೆಲ ಕೊಟ್ಟು, ಮಾತು ಕೊಟ್ಟು, ಆ ಮಾತನ್ನು ಉಳಿಸಿಕೊಂಡರೆ ಈ ಒಣ ಸೀಮೆಯಲ್ಲೂ ಜನ ನೆಲಸುತ್ತಾರೆ.

ಹಾಗಾದರೆ ಇಂದು ಬರೆಯಬೇಕಾದ ಕೌಲು ಯಾವುದು? ಚಾಮರಾಜನಗರದ ಬಳಿ ಬದನಗುಪ್ಪೆ-ಕೆಲ್ಲಂಬಳ್ಳಿ ಕೈಗಾರಿಕಾ ಪ್ರದೇಶವಿದೆ. ಅಲ್ಲಿಗೆ ಬರುವ ಹೊಸ ಉದ್ಯಮಗಳಿಗೆ ಸರ್ಕಾರ ಭೂಮಿ, ನೀರು, ವಿನಾಯಿತಿ ಕೊಡುತ್ತದೆ, ಕೊಡಲಿ. ಆದರೆ ಕೌಲೆಂಬುದು ಎಂದೂ ಒಂದು ಪಕ್ಷದ ಮಾತಾಗಿರಲಿಲ್ಲ. ಬಂದವನಿಗೆ ಊರು ಏನು ಕೊಡುತ್ತದೆ ಎಂಬುದರ ಜೊತೆಗೆ ಬಂದವನು ಊರಿಗೆ ಏನು ಕೊಡುತ್ತಾನೆ ಎಂಬುದೂ ಅದರಲ್ಲಿ ಇರುತ್ತಿತ್ತು. ಎಷ್ಟು ಮಂದಿ ಸ್ಥಳೀಯರಿಗೆ ಕೆಲಸ, ಎಂಥ ಕೆಲಸ, ವಿನಾಯಿತಿಯ ಅವಧಿ ಮುಗಿದ ಮೇಲೆ ಉಳಿಯುವ ಜಾಮೀನು ಏನು ಎಂದು ಕೇಳುವ ಹಕ್ಕು ಪುರಸಭೆಗೂ ಪಂಚಾಯಿತಿಗೂ ಉಂಟು.

ಇನ್ನೊಂದು ಕೌಲು ಹೊರಗಿನವರಿಗಲ್ಲ, ಈಗಾಗಲೇ ಇಲ್ಲಿರುವವರಿಗೆ ಸಲ್ಲಬೇಕಾದದ್ದು. ನೂರಾರು ವರ್ಷಗಳ ಕೈಗಾರಿಕೆ ಇಲ್ಲಿ ಉಂಟು. ಅದರ ಒಡೆಯರು ಯಾವ ಕೈಗಾರಿಕಾ ಪ್ರದೇಶಕ್ಕೂ ಅರ್ಜಿ ಹಾಕಿದವರಲ್ಲ. ಗೂಡಿನ ಬೆಲೆ ಕುಸಿದಾಗ ಆಸರೆ, ನೂಲು ತೆಗೆಯುವವರ ಕೈ ಸುಡದ ಒಲೆ, ಮಗ್ಗದ ಮಗನಿಗೆ ವಿನ್ಯಾಸದ ವಿದ್ಯೆ, ನೂಲು ಊರು ಬಿಡುವ ಮುನ್ನ ಇಲ್ಲಿಯೇ ಬಟ್ಟೆಯಾಗುವ ವ್ಯವಸ್ಥೆ: ಇವು ದೊಡ್ಡ ಬಂಡವಾಳದ ಕೆಲಸಗಳಲ್ಲ, ಆದರೆ ದೀರ್ಘಕಾಲ ನಿಲ್ಲುವ ಮಾತನ್ನು ಬೇಡುತ್ತವೆ. ದೂರದ ಉದ್ಯಮಿಗೆ ಹತ್ತು ವರ್ಷದ ಭರವಸೆ ಕೊಡಬಲ್ಲ ಸರ್ಕಾರ ಪಕ್ಕದ ರೀಲರಿಗೆ ಎರಡು ವರ್ಷದ ಭರವಸೆಯನ್ನೂ ಕೊಡದಿದ್ದರೆ, ಬರುವವರು ಬರುವ ಮೊದಲೇ ಇರುವವರು ಹೊರಡುತ್ತಾರೆ.

ಓದುಗರಾದ ನಮ್ಮ ಪಾಲಿಗೂ ಒಂದು ಸಣ್ಣ ಕೆಲಸವಿದೆ. ಮುಂದಿನ ಸಲ ಮದುವೆಯ ಜವಳಿಗೆ ಹೋದಾಗ, ಈ ಸೀರೆಯ ನೂಲು ಯಾವ ಊರಿನದೆಂದು ಅಂಗಡಿಯವನನ್ನು ಕೇಳೋಣ. ಅವನಿಗೆ ಗೊತ್ತಿರಲಾರದು. ಹತ್ತು ಮಂದಿ ಕೇಳಿದರೆ ವಿಚಾರಿಸಿಯಾನು. ನೂರು ಮಂದಿ ಕೇಳಿದರೆ ಅಂಚಿನ ಮೂಲೆಯಲ್ಲಿ ಕೊಳ್ಳೇಗಾಲವೆಂದು ಬರೆಸಿಯಾನು. ಅಂದು ಆ ಊರಿನ ಹೆಸರು ಹೇಳಿದವರು ಮಾಟದ ಮಾತನ್ನಾಡದೆ ಮಗ್ಗದ ಮಾತನ್ನಾಡುತ್ತಾರೆ. ವರ್ತಕನನ್ನು ಕರೆಯುವ ಕೆಲಸ ಅಲ್ಲಿಂದ ಸ್ವಲ್ಪ ಸುಲಭವಾದೀತು.

(ಬಾನುಲಿ ಭಾಷಣ)